ನೂರುನ್ನಿಸಾ ಇನಾಯತ್ ಖಾನ್: ಟಿಪ್ಪುವಿನ ವಂಶದ ವೀರ ಕುವರಿ

ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ಟಿಪ್ಪು ಸುಲ್ತಾನರ ವಿಷಯ ಬಂದಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಸುಲ್ತಾನರು ಹೋರಾಡುತ್ತಲೇ ಮಡಿದರು ಎಂಬಲ್ಲಿಗೆ ಪಾಠ ಮುಗಿಯಿತು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ಆಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಏನಾದರು ಎಂದು ಕೇಳಿದಳು. ಬ್ರಿಟಿಷರು ಅವರನ್ನೆಲ್ಲ ವೇಲೂರಿನ ಕೋಟೆಯಲ್ಲಿ ಇರಿಸಿದರು, 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ದೂರದ ಕಲ್ಕತ್ತಾಕ್ಕೆ ಸಾಗಿಸಿದರು ಎಂದು ನನಗೆ ಗೊತ್ತಿದ್ದಷ್ಟು ಹೇಳಿ ಕುಳ್ಳಿರಿಸಿದೆ. ಮನೆಗೆ ಬಂದು ಯೋಚಿಸಿದಾಗ ನನ್ನ ಉತ್ತರ ಅರ್ಧವೇ ಆಯಿತು ಎಂದು ತಿಳಿಯಿತು. ಆ ಮನೆತನದ ಒಂದು ಎಳೆ ಮೈಸೂರಿನಿಂದ ಬರೋಡಕ್ಕೆ, ಅಲ್ಲಿಂದ ಮಾಸ್ಕೋ, ಲಂಡನ್, ಪ್ಯಾರಿಸ್‌ಗಳಿಗೆ ಹೋಗಿ, ಕೊನೆಗೆ ಜರ್ಮನಿಯ ಒಂದು ಯಾತನಾ ಶಿಬಿರದಲ್ಲಿ ಕಡಿದುಹೋಯಿತು. ಆ ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೈಸೂರಿನ ನಂಟನ್ನು ಹೇಳಬೇಕು. ಮೌಲಾ ಬಕ್ಷ್ ಎಂಬವರು ಉತ್ತರ ಭಾರತದ ದೊಡ್ಡ ಸಂಗೀತಗಾರರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರು ಮೈಸೂರು ಆಸ್ಥಾನಕ್ಕೆ ಬಂದರು. ಹಿಂದುಸ್ತಾನಿ ಸಂಗೀತದಲ್ಲಿ ಪಳಗಿದ್ದ ಈ ಮುಸ್ಲಿಂ ವಿದ್ವಾಂಸರು ಇಲ್ಲಿ ಕರ್ನಾಟಕ ಸಂಗೀತವನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡಿ ಮಹಾರಾಜರಿಂದ ಗೌರವ ಪಡೆದರು. ಇದೇ ಸಂಬಂಧದಲ್ಲಿ ಟಿಪ್ಪು ಸುಲ್ತಾನರ ಮೊಮ್ಮಗಳಾದ ಕಾಸಿಂ ಬೀ ಅವರೊಂದಿಗೆ ವಿವಾಹವಾಯಿತೆಂದು ಮನೆತನದ ಹೇಳಿಕೆ. ಮುಂದೆ ಅವರು ಬರೋಡದಲ್ಲಿ ನೆಲೆಸಿ ಅಲ್ಲಿನ ಮಹಾರಾಜರ ಆಶ್ರಯದಲ್ಲಿ ಸಂಗೀತ ಶಾಲೆ ತೆರೆದರು. ಅವರ ಮಗಳ ಮಗನೇ ಹಝ್ರತ್ ಇನಾಯತ್ ಖಾನ್. 1882ರಲ್ಲಿ ಬರೋಡದಲ್ಲಿ ಹುಟ್ಟಿದ ಇನಾಯತ್ ಖಾನರು ವೀಣೆ ನುಡಿಸುತ್ತಿದ್ದರು. ಹೈದರಾಬಾದಿನಲ್ಲಿ ಸೂಫಿ ಗುರುಗಳಿಂದ ದೀಕ್ಷೆ ಪಡೆದು, 1910ರ ಸೆಪ್ಟೆಂಬರ್ 13ರಂದು ಮುಂಬಯಿಯಿಂದ ಹಡಗು ಹತ್ತಿದರು. ಈ ತಾರೀಕನ್ನು ಓದುಗರು ನೆನಪಿನಲ್ಲಿಡಬೇಕು. ಅಮೆರಿಕದಲ್ಲಿ ಓರಾ ರೇ ಬೇಕರ್ ಎಂಬ ಯುವತಿಯನ್ನು ಕಂಡು, ಆಕೆಯ ಮನೆಯವರ ವಿರೋಧದ ನಡುವೆಯೂ ಮದುವೆಯಾದರು. ಆಕೆ ಅಮೀನಾ ಬೇಗಂ ಎಂಬ ಹೆಸರು ಪಡೆದರು.

ಈ ದಂಪತಿಯ ಹಿರಿಯ ಮಗಳು ನೂರುನ್ನಿಸಾ. 1914ರ ಹೊಸ ವರ್ಷದ ಹೊತ್ತಿಗೆ, ಹಿಮ ಸುರಿಯುವ ಮಾಸ್ಕೋ ನಗರದಲ್ಲಿ ಹುಟ್ಟಿದಳು. ನೂರುನ್ನಿಸಾ ಎಂದರೆ ಸ್ತ್ರೀಯರಲ್ಲಿ ಬೆಳಕು ಎಂದರ್ಥ. ಅದೇ ವರ್ಷ ಮೊದಲ ಮಹಾಯುದ್ಧ ಆರಂಭವಾಗಿ ಕುಟುಂಬ ಲಂಡನ್ನಿನಲ್ಲಿ ನೆಲೆಸಿತು. ಅಲ್ಲಿ ವಿಲಾಯತ್, ಹಿದಾಯತ್ ಎಂಬ ಇಬ್ಬರು ತಮ್ಮಂದಿರೂ ಖೈರುನ್ನಿಸಾ ಎಂಬ ತಂಗಿಯೂ ಹುಟ್ಟಿದರು. 1920ರಲ್ಲಿ ಫ್ರಾನ್ಸಿಗೆ ಹೋದರು. ಪ್ಯಾರಿಸ್ ಪಕ್ಕದ ಸುರೆನ್ ಎಂಬಲ್ಲಿ ಅನುಯಾಯಿಯೊಬ್ಬರು ಕೊಡಿಸಿದ ದೊಡ್ಡ ಮನೆಗೆ ಇನಾಯತ್ ಖಾನರು ಫಝಲ್ ಮಂಝಿಲ್ ಎಂದು ಹೆಸರಿಟ್ಟರು. ಮನೆಯೊಳಗೆ ಪ್ರಾರ್ಥನೆ, ಹಿಂದುಸ್ತಾನಿ ಸಂಗೀತ. ಗೇಟು ದಾಟಿದರೆ ಫ್ರೆಂಚ್ ಶಾಲೆ.

1927ರ ಫೆಬ್ರವರಿಯಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡರು. ನೂರಳಿಗೆ ಆಗ 13 ವರ್ಷ. ತಾಯಿ ದುಃಖದಿಂದ ಕೋಣೆ ಸೇರಿ ಹೊರಬರುವುದನ್ನೇ ಬಿಟ್ಟರು. ತಮ್ಮಂದಿರು, ತಂಗಿಯ ಊಟ, ಬಟ್ಟೆ, ಪಾಠ, ಕಾಯಿಲೆ ಎಲ್ಲವೂ ಈ ಹುಡುಗಿಯ ತಲೆಯ ಮೇಲೆ ಬಿತ್ತು. ನಮ್ಮೂರ ಮನೆಗಳಲ್ಲಿಯೂ ಇಂತಹ ಹಿರಿಯ ಅಕ್ಕಂದಿರನ್ನು ನಾವು ಕಾಣುತ್ತೇವೆ. ವ್ಯತ್ಯಾಸವೆಂದರೆ ನೂರ್ ಓದನ್ನು ಬಿಡಲಿಲ್ಲ. ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಶ್ಶಾಸ್ತ್ರ ಕಲಿತಳು, ಹಾರ್ಪ್ ಮತ್ತು ಪಿಯಾನೊ ಅಭ್ಯಾಸ ಮಾಡಿದಳು. ಸಂಗೀತ ಕಲಿಯುವಾಗ ಪರಿಚಯವಾದ ಯಹೂದಿ ಯುವಕನೊಬ್ಬನೊಂದಿಗೆ ನಿಶ್ಚಿತಾರ್ಥವೂ ಆಗಿತ್ತು. ಮನೆಯವರಿಗೆ ಒಪ್ಪಿಗೆಯಿಲ್ಲದೆ ಕೆಲವು ವರ್ಷಗಳ ಬಳಿಕ ಅದು ಮುರಿಯಿತು. ಪತ್ರಿಕೆಗಳಿಗೂ ಪ್ಯಾರಿಸ್ ಬಾನುಲಿಗೂ ಮಕ್ಕಳ ಕಥೆಗಳನ್ನು ಬರೆದಳು. 1939ರಲ್ಲಿ ಇಪ್ಪತ್ತು ಜಾತಕ ಕಥೆಗಳ ಆಕೆಯ ಇಂಗ್ಲಿಷ್ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಬುದ್ಧನ ಹಿಂದಿನ ಜನ್ಮಗಳ ಈ ಕಥೆಗಳನ್ನು ಸೂಫಿ ಮನೆಯ ಮಗಳು ಪಾಶ್ಚಾತ್ಯ ಮಕ್ಕಳಿಗಾಗಿ ಬರೆದದ್ದು ಆ ಮನೆಯ ಸಂಸ್ಕಾರಕ್ಕೆ ಸಾಕ್ಷಿ. ಪುಸ್ತಕದ ಮೊದಲ ಕಥೆ ಕೋತಿಗಳ ರಾಜನದು. ಬೇಟೆಗಾರರು ಮುತ್ತಿಗೆ ಹಾಕಿದಾಗ ಅವನು ತನ್ನ ದೇಹವನ್ನೇ ಸೇತುವೆಯಾಗಿ ಚಾಚಿ, ತನ್ನವರೆಲ್ಲರನ್ನು ಬೆನ್ನ ಮೇಲೆ ದಾಟಿಸಿ, ಕೊನೆಗೆ ಬೆನ್ನು ಮುರಿದು ಸಾಯುತ್ತಾನೆ.

ನೂರಳ ಸ್ವಭಾವದ ಕುರಿತು ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಸುಳ್ಳು ಹೇಳಬಾರದೆಂದು ತಂದೆ ಕಲಿಸಿದ್ದನ್ನು ಅಕ್ಷರಶಃ ಪಾಲಿಸುತ್ತಿದ್ದ ಹುಡುಗಿ ಅದು. ನಮ್ಮ ಮಕ್ಕಳಿಗೆ ಪುಣ್ಯಕೋಟಿ ಗೋವಿನ ಕಥೆ ಗೊತ್ತು. ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ತಾನಾಗಿಯೇ ಮರಳಿ ಬಂದ ಹಸು ಅದು. ನೂರ್ ಅದೇ ಜಾತಿಯವಳು. ಇಂಥವಳು ಮುಂದೆ ಸುಳ್ಳು ಹೆಸರು, ಸುಳ್ಳು ಕಾಗದ, ಸುಳ್ಳು ಊರು ಹೇಳಿಕೊಂಡು ಬದುಕುವ ಕೆಲಸಕ್ಕೆ ಹೋದಳು. ಅದು ಹೇಗೆ ಎಂಬುದೇ ನನಗೆ ಈ ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ಕುತೂಹಲದ ವಿಷಯ.

1940ರ ಜೂನ್‌ನಲ್ಲಿ ಹಿಟ್ಲರನ ಸೈನ್ಯ ಪ್ಯಾರಿಸ್ ಪ್ರವೇಶಿಸಿತು. ಲಕ್ಷಾಂತರ ಜನ ದಕ್ಷಿಣದ ಕಡೆಗೆ ಓಡಿದರು. ತಾಯಿ, ತಂಗಿ ಮತ್ತು ವಿಲಾಯತನೊಂದಿಗೆ ನೂರ್ ಬೋರ್ಡೊ ಕಡೆಯಿಂದ ಹಡಗು ಹಿಡಿದು ಜೂನ್ 22ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಲ್ಲಿ ಇಳಿದಳು. ಅಕ್ಕ ತಮ್ಮ ಇಬ್ಬರೂ ತಂದೆಯ ಅಹಿಂಸೆಯ ಬೋಧನೆಯಲ್ಲಿ ಬೆಳೆದವರು, ಗಾಂಧೀಜಿಯನ್ನು ಗೌರವಿಸುತ್ತಿದ್ದವರು. ಆದರೆ ನಾಝಿಗಳು ಯಹೂದಿಗಳನ್ನು ನಾಶ ಮಾಡುತ್ತಿರುವಾಗ ಕೈಕಟ್ಟಿ ಕುಳಿತು ಧರ್ಮ ಬೋಧಿಸುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಅವರನ್ನು ಕಾಡಿತು ಎಂದು ವಿಲಾಯತ್ ಖಾನರು ಮುಂದೆ ನೆನಪಿಸಿಕೊಂಡಿದ್ದಾರೆ. ಯಾರನ್ನೂ ಕೊಲ್ಲದೆ, ಆದರೆ ಅತ್ಯಂತ ಅಪಾಯದ ಜಾಗದಲ್ಲಿ ನಿಂತು ಸೇವೆ ಮಾಡಬೇಕೆಂದು ತೀರ್ಮಾನಿಸಿದರು. ತಮ್ಮ ನೌಕಾಪಡೆಯ ಸಿಡಿಗುಂಡು ತೆಗೆಯುವ ಹಡಗು ಸೇರಿದ. ಅಕ್ಕ 1940ರ ನವೆಂಬರ್ 19ರಂದು ವಾಯುಪಡೆಯ ಮಹಿಳಾ ಸಹಾಯಕ ದಳಕ್ಕೆ ಸೇರಿ ವಯರ್‌ಲೆಸ್ ಕೆಲಸ ಕಲಿತಳು.

ಆ ಹೊತ್ತಿಗೆ ಅವಳು ಬಿಟ್ಟುಬಂದ ಫ್ರಾನ್ಸಿನಲ್ಲಿ ಏನು ನಡೆಯುತ್ತಿತ್ತು ಎಂದು ವಿದ್ಯಾರ್ಥಿಗಳು ತಿಳಿಯಬೇಕು. ಯಹೂದಿಗಳ ಉದ್ಯೋಗ ಹೋಯಿತು, ಅಂಗಡಿಗಳು ಹೋದವು. 1942ರ ಜೂನ್‌ನಿಂದ ಆರು ವರ್ಷ ದಾಟಿದ ಪ್ರತಿಯೊಬ್ಬ ಯಹೂದಿಯೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಜುಲೈ 16 ಮತ್ತು 17ರಂದು ಪ್ಯಾರಿಸ್ ಪೊಲೀಸರೇ ಮನೆಮನೆಗೆ ನುಗ್ಗಿ ಸುಮಾರು 13,000 ಜನರನ್ನು ಹಿಡಿದರು. ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳು. ಅನೇಕರನ್ನು ಬೈಸಿಕಲ್ ಪಂದ್ಯದ ಒಂದು ಕ್ರೀಡಾಂಗಣದಲ್ಲಿ ದಿನಗಟ್ಟಲೆ ಕೂಡಿಹಾಕಿದರು. ಪ್ಯಾರಿಸ್ ಹೊರವಲಯದ ದ್ರಾನ್ಸಿ ಶಿಬಿರದಿಂದ ಆಶ್ವಿಟ್ಸ್‌ಗೆ ರೈಲುಗಳು ಹೊರಡುತ್ತಿದ್ದವು. ಯುದ್ಧ ಮುಗಿಯುವವರೆಗೆ ಫ್ರಾನ್ಸಿನಿಂದ ಸುಮಾರು 76,000 ಯಹೂದಿಗಳನ್ನು ಸಾಗಿಸಲಾಯಿತು. ಮರಳಿದವರು ಸುಮಾರು 2,500 ಮಾತ್ರ.

ಆದರೂ ಅಲ್ಲಿನ ಬಹುಪಾಲು ಯಹೂದಿಗಳು ಬದುಕುಳಿದರು. ಅದಕ್ಕೆ ಕಾರಣ ಸಾಮಾನ್ಯ ಜನ ಗುಟ್ಟಾಗಿ ಮಾಡಿದ ಕೆಲಸ. ಹೆಸರು ಬದಲಿಸಿದ ರೇಷನ್ ಕಾರ್ಡು ಬರೆದುಕೊಟ್ಟ ಗುಮಾಸ್ತರು, ಹಾಜರಿ ಪುಸ್ತಕದಲ್ಲಿ ಬೇರೆ ಹೆಸರು ಬರೆದು ಮಕ್ಕಳನ್ನು ತರಗತಿಯಲ್ಲಿ ಕೂರಿಸಿಕೊಂಡ ಅಧ್ಯಾಪಕರು, ಹಟ್ಟಿಯಲ್ಲಿ ಅಡಗಿಸಿದ ರೈತರು, ಕ್ರೈಸ್ತ ಮಠಗಳ ಸೋದರಿಯರು, ರಾತ್ರಿ ಗಡಿ ದಾಟಿಸಿ ಸ್ವಿಟ್ಸರ್ಲೆಂಡಿಗೆ ಬಿಟ್ಟವರು. ಲೆ ಶಾಂಬೊನ್ ಎಂಬ ಬೆಟ್ಟದೂರಿನಲ್ಲಿ ಪಾದ್ರಿಯ ಮುಂದಾಳತ್ವದಲ್ಲಿ ಇಡೀ ಊರೇ ಈ ಕೆಲಸಕ್ಕೆ ನಿಂತಿತು. ಪ್ಯಾರಿಸ್ ಮಸೀದಿಯ ಮುಖ್ಯಸ್ಥರಾಗಿದ್ದ ಸಿ ಕದ್ದೂರ್ ಬಿನ್ ಗಬ್ರೀತ್ ಅವರು ಅಲ್ಜೀರಿಯಾದ ಯಹೂದಿ ಗಾಯಕ ಸಲೀಂ ಹಲಾಲಿಗೆ ಮುಸಲ್ಮಾನನೆಂಬ ಪ್ರಮಾಣಪತ್ರ ಕೊಟ್ಟು ಉಳಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಇರಾನಿನ ರಾಜತಾಂತ್ರಿಕ ಅಬ್ದುಲ್ ಹುಸೈನ್ ಸರ್ದಾರಿ ಪ್ಯಾರಿಸ್‌ನಲ್ಲಿ ಕುಳಿತು ಯಹೂದಿಗಳಿಗೆ ಇರಾನಿ ಪಾಸ್‌ಪೋರ್ಟುಗಳನ್ನು ಕೊಟ್ಟರು.

ನೂರಳ ಕೆಲಸ ನೇರವಾಗಿ ಯಹೂದಿಗಳನ್ನು ಅಡಗಿಸುವುದಾಗಿರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಏಕೆಂದರೆ ಮೆಚ್ಚಿದವರ ಬಗ್ಗೆ ಇಲ್ಲದ್ದನ್ನೂ ಸೇರಿಸುವ ಚಪಲ ನಮಗಿದೆ. ಬ್ರಿಟಿಷರು 1940ರಲ್ಲಿ ವಿಶೇಷ ಕಾರ್ಯಾಚರಣಾ ದಳವೊಂದನ್ನು ಕಟ್ಟಿ, ಆಕ್ರಮಿತ ದೇಶಗಳ ಭೂಗತ ಹೋರಾಟಗಾರರಿಗೆ ಹಣ, ಆಯುಧ, ಜನರನ್ನು ಕಳುಹಿಸುತ್ತಿದ್ದರು. ಯಾವ ಹೊಲದಲ್ಲಿ, ಯಾವ ರಾತ್ರಿ ವಿಮಾನ ಇಳಿಯಬೇಕು, ಯಾರು ಸಿಕ್ಕಿಬಿದ್ದರು, ಯಾರನ್ನು ಪಾರು ಮಾಡಬೇಕು ಎಂಬುದೆಲ್ಲ ವಯರ್‌ಲೆಸ್ ಮೂಲಕವೇ ತಿಳಿಯಬೇಕು. ವಯರ್‌ಲೆಸ್ ನಿಂತರೆ ಎಲ್ಲವೂ ನಿಂತಂತೆ. ಸ್ವಚ್ಛ ಫ್ರೆಂಚ್ ಬಲ್ಲ, ವಯರ್‌ಲೆಸ್ ಬಲ್ಲ ನೂರ್ ಈ ದಳದ ಕಣ್ಣಿಗೆ ಬಿದ್ದಳು. ಸಂದರ್ಶನದಲ್ಲಿ, ಸಿಕ್ಕಿಬಿದ್ದರೆ ಸೈನಿಕನಿಗೆ ಸಿಗುವ ರಕ್ಷಣೆಯೂ ಸಿಗದು ಎಂದು ಮೊದಲೇ ತಿಳಿಸಿದರು. ಅವಳು ತಕ್ಷಣ ಒಪ್ಪಿದಳು.

ಅದಕ್ಕೂ ಮೊದಲು ವಾಯುಪಡೆಯಲ್ಲಿ ಅಧಿಕಾರಿ ಹುದ್ದೆಗೆ ನಡೆದ ಸಂದರ್ಶನದಲ್ಲಿ ಭಾರತದ ವಿಷಯ ಬಂದಿತ್ತು. ಈಗ ಬ್ರಿಟನ್ನಿಗೆ ನಿಷ್ಠಳಾಗಿರುತ್ತೇನೆ, ಯುದ್ಧ ಮುಗಿದ ಮೇಲೆ ನನ್ನ ದೇಶದ ಸ್ವಾತಂತ್ರ್ಯದ ಪರವಾಗಿ ನಿಲ್ಲಬೇಕಾಗಬಹುದು ಎಂದು ಬ್ರಿಟಿಷ್ ಅಧಿಕಾರಿಗಳ ಮುಖಕ್ಕೇ ಹೇಳಿ ಬಂದಳು. ಹುದ್ದೆ ಬೇಕಿದ್ದವರು ಯಾರೂ ಆಡದ ಮಾತು ಅದು.

ತರಬೇತಿ ಕೊಟ್ಟವರಿಗೆ ಅವಳ ಮೇಲೆ ಭರವಸೆ ಇರಲಿಲ್ಲ. ನಾಜೂಕಿನ ಹುಡುಗಿ, ಕನಸುಗಣ್ಣಿನವಳು, ಬಂದೂಕು ಕಂಡರೆ ಹೆದರುತ್ತಾಳೆ, ಇಂಥ ಕೆಲಸಕ್ಕೆ ತಕ್ಕ ಬುದ್ಧಿಯಿಲ್ಲ ಎಂದು ಒಬ್ಬ ಹಿರಿಯ ಅಧಿಕಾರಿ ವರದಿ ಬರೆದ. ನಾವು ಶಿಕ್ಷಕರು ವರ್ಷದ ಕೊನೆಗೆ ಮಕ್ಕಳ ಪ್ರಗತಿ ಪತ್ರದಲ್ಲಿ ಎರಡು ಸಾಲು ಬರೆಯುತ್ತೇವೆ. ಆ ವರದಿಯ ವಿಷಯ ಓದಿದ ಮೇಲೆ ಹಾಗೆ ಬರೆಯುವಾಗ ನನ್ನ ಪೆನ್ನು ಸ್ವಲ್ಪ ತಡೆಯುತ್ತದೆ.

1943ರ ಜೂನ್ 16ರ ರಾತ್ರಿ, ಹುಣ್ಣಿಮೆಯ ಬೆಳಕಿನಲ್ಲಿ, ಪುಟ್ಟ ವಿಮಾನಗಳು ಆಂಜೆ ಪಟ್ಟಣದ ಸಮೀಪದ ಹುಲ್ಲುಗಾವಲಿನಲ್ಲಿ ಇಳಿದವು. ನೂರ್ ಜೊತೆಗೆ ಡಯಾನಾ ರೌಡನ್, ಸೆಸಿಲಿ ಲೆಫೋರ್ ಎಂಬ ಇಬ್ಬರು ಮಹಿಳೆಯರಿದ್ದರು. ಮೂವರಲ್ಲಿ ಒಬ್ಬರೂ ಜೀವಂತ ಮರಳಲಿಲ್ಲ. ಆಕ್ರಮಿತ ಫ್ರಾನ್ಸಿಗೆ ಆ ದಳ ಕಳುಹಿಸಿದ ಮೊದಲ ಮಹಿಳಾ ವಯರ್‌ಲೆಸ್ ಆಪರೇಟರ್ ನೂರ್. ಕಾಗದದಲ್ಲಿ ಅವಳು ಜಾನ್ ಮರಿ ರೆನಿಯೆ, ಮಕ್ಕಳನ್ನು ನೋಡಿಕೊಳ್ಳುವ ದಾದಿ. ಸಂಕೇತನಾಮ ಮ್ಯಾಡಲೀನ್. ಪ್ಯಾರಿಸ್ ಸುತ್ತಲಿನ ಪ್ರಾಸ್ಪರ್ ಎಂಬ ದೊಡ್ಡ ಜಾಲದೊಳಗೆ ಅವಳ ಕೆಲಸ. ಬಂದ ಹೊಸದರಲ್ಲಿ ಒಂದು ಮನೆಯಲ್ಲಿ ಚಹಾ ಮಾಡುವಾಗ ಇಂಗ್ಲಿಷರ ಕ್ರಮದಂತೆ ಮೊದಲು ಹಾಲು ಸುರಿದಳಂತೆ. ಮನೆಯಾಕೆ ಕೂಡಲೇ ಎಚ್ಚರಿಸಿದಳು. ಆ ಕಾಲದ ಪ್ಯಾರಿಸ್‌ನಲ್ಲಿ ಒಂದು ಲೋಟ ಚಹಾ ಸಾಕಿತ್ತು ಸಿಕ್ಕಿಬೀಳಲು.

ವಾರ ಕಳೆಯುವುದರೊಳಗೆ ಜಾಲ ಕುಸಿಯಿತು. ಜೂನ್ 24ರ ಹೊತ್ತಿಗೆ ಅದರ ಮುಖಂಡ ಫ್ರಾನ್ಸಿಸ್ ಸಟಿಲ್, ಮುಖ್ಯ ವಯರ್‌ಲೆಸ್ ಆಪರೇಟರ್ ಗಿಲ್ಬರ್ಟ್ ನಾರ್ಮನ್, ಆಂದ್ರೇ ಬೊರೆಲ್ ಎಲ್ಲರೂ ಜರ್ಮನರ ಕೈಗೆ ಸಿಕ್ಕಿದರು. ಸರಣಿ ಬಂಧನಗಳು ನಡೆದವು. ವಿಮಾನ ಕಳುಹಿಸುತ್ತೇವೆ, ಮರಳಿ ಬಾ ಎಂದು ಲಂಡನ್ನಿನಿಂದ ಸೂಚನೆ ಬಂತು. ಪ್ಯಾರಿಸ್‌ನಲ್ಲಿ ಈಗ ಉಳಿದಿರುವ ವಯರ್‌ಲೆಸ್ ಇದೊಂದೇ, ಬದಲಿ ಜನ ಬರುವವರೆಗೆ ನಾನು ಇರುತ್ತೇನೆ ಎಂದು ನೂರ್ ಉತ್ತರಿಸಿದಳು. ಅಂಥ ಆಪರೇಟರ್ ಸಿಕ್ಕಿಬೀಳದೆ ಉಳಿಯುವುದು ಹೆಚ್ಚೆಂದರೆ ಆರು ವಾರ ಎಂದು ಲಂಡನ್ನಿನವರೇ ಲೆಕ್ಕ ಹಾಕಿದ್ದರು. ಅವಳು ನಾಲ್ಕು ತಿಂಗಳು ಕೆಲಸ ಮಾಡಿದಳು.

ಆ ಕೆಲಸ ಎಂಥದು ಎಂದು ಇಂದಿನ ಮೊಬೈಲ್ ಕಾಲದ ಮಕ್ಕಳಿಗೆ ಹೇಳುವುದು ಕಷ್ಟ. ನನ್ನ ಅಜ್ಜನ ರೇಡಿಯೊಗೆ ಸಿಲೋನ್ ಸ್ಟೇಶನ್ ಸಿಗಬೇಕಾದರೆ ಅಂಗಳದ ತೆಂಗಿನ ಮರಕ್ಕೆ ತಂತಿ ಕಟ್ಟಬೇಕಿತ್ತು. ಅದು ಕೇಳಲು ಮಾತ್ರ. ನೂರಳ ಯಂತ್ರ ಸಂದೇಶ ಕಳುಹಿಸುವಂಥದು. ಸೂಟ್‌ಕೇಸಿನಲ್ಲಿ ಅಡಗಿಸಿದ ಅದು ಸುಮಾರು 15 ಕಿಲೋ ತೂಗುತ್ತಿತ್ತು. ಇಪ್ಪತ್ತು ಮೀಟರಿನಷ್ಟು ತಂತಿ ಹೊರಗೆ ಚಾಚಬೇಕು. ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಕೀಲಿ ಒತ್ತಿದರೆ ಜರ್ಮನರ ಪತ್ತೆವಾಹನಗಳು ದಿಕ್ಕು ಹಿಡಿದು ಬಾಗಿಲಿಗೇ ಬರುತ್ತಿದ್ದವು. ಆದ್ದರಿಂದ ಇವತ್ತು ಒಂದು ಮನೆ, ನಾಳೆ ಇನ್ನೊಂದು. ಕೂದಲಿಗೆ ಬಣ್ಣ ಬಳಿದು, ಪೆಟ್ಟಿಗೆ ಹೊತ್ತು ಸುತ್ತಿದಳು. ಬಾಲ್ಯದ ಸುರೆನ್‌ಗೇ ಹೋಗಿ ಹಳೆಯ ಪರಿಚಯದವರ ಮನೆಗಳಿಂದಲೂ ಸಂದೇಶ ಕಳುಹಿಸಿದಳು. ಮೆಟ್ರೊ ರೈಲಿನಲ್ಲಿ ಇಬ್ಬರು ಜರ್ಮನ್ ಸೈನಿಕರು ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದಾಗ ಸಿನೆಮಾ ತೋರಿಸುವ ಯಂತ್ರ ಎಂದು ಹೇಳಿ ಸ್ವಲ್ಪ ತೆರೆದು ತೋರಿಸಿಯೇ ಬಿಟ್ಟಳಂತೆ. ಇನ್ನೊಮ್ಮೆ ಮರದ ಕೊಂಬೆಗೆ ತಂತಿ ಕಟ್ಟಲು ಒದ್ದಾಡುತ್ತಿದ್ದಾಗ, ಬಟ್ಟೆ ಒಣಗಿಸುವ ಹಗ್ಗವೆಂದು ಭಾವಿಸಿದ ಜರ್ಮನ್ ಅಧಿಕಾರಿಯೇ ಕಟ್ಟಿಕೊಟ್ಟನೆಂದು ಆಕೆಯ ಜೀವನ ಬರೆದವರು ಹೇಳುತ್ತಾರೆ. ಸುಳ್ಳು ಬಾರದ ಹುಡುಗಿ ಇಷ್ಟನ್ನು ಕಲಿತಿದ್ದಳು.

ಅಕ್ಟೋಬರ್ ಮಧ್ಯದಲ್ಲಿ ಹಣದಾಸೆಗೆ ಯಾರೋ ಅವಳ ವಿಳಾಸವನ್ನು ಮಾರಿದರು. ಕೋಣೆಗೆ ಬಂದಾಗ ಒಳಗೆ ಕಾದಿದ್ದವನು ಹಿಡಿಯಲು ಹೋದ. ಅವಳು ಅವನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಅವೆನ್ಯೂ ಫೋಶ್ ಎಂಬ ಬೀದಿಯ 84ನೆಯ ನಂಬರಿನ ಕಟ್ಟಡ ಜರ್ಮನ್ ಭದ್ರತಾ ಪೊಲೀಸರ ಕಚೇರಿ. ಅಲ್ಲಿಗೆ ತಂದ ಕೆಲವೇ ಹೊತ್ತಿನಲ್ಲಿ ಸ್ನಾನಕ್ಕೆಂದು ಹೋಗಿ ಕಿಟಕಿಯಿಂದ ಮಾಡಿಗೆ ಹತ್ತಿದಳು. ಮತ್ತೆ ಹಿಡಿದರು. ವಾರಗಟ್ಟಲೆ ವಿಚಾರಣೆ ನಡೆಸಿದರೂ ಅವಳಿಂದ ಒಂದು ಉಪಯುಕ್ತ ಮಾಹಿತಿಯೂ ಸಿಗಲಿಲ್ಲ, ಅವಳು ಹೇಳಿದ್ದನ್ನು ನಂಬುವಂತೆಯೂ ಇರಲಿಲ್ಲ ಎಂದು ಅಲ್ಲಿನ ಮುಖ್ಯಸ್ಥ ಹಾನ್ಸ್ ಕೀಫರ್ ಯುದ್ಧಾನಂತರ ಹೇಳಿಕೆ ಕೊಟ್ಟ.

ಆದರೆ ಒಂದು ದೊಡ್ಡ ತಪ್ಪು ಆಗಿಹೋಗಿತ್ತು. ಕಳುಹಿಸಿದ ಸಂದೇಶಗಳ ಪ್ರತಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು, ಅದು ಜರ್ಮನರಿಗೆ ಸಿಕ್ಕಿತು. ಸಂದೇಶಗಳನ್ನು ಫೈಲ್ ಮಾಡುವಾಗ ಎಚ್ಚರವಿರಲಿ ಎಂಬ ಆದೇಶವನ್ನು, ಜೋಪಾನವಾಗಿ ತೆಗೆದಿರಿಸು ಎಂದು ಅವಳು ತಿಳಿದಳೆಂದು ಹೇಳುತ್ತಾರೆ. ಅಲ್ಲಿ ಆ ಪದದ ಅರ್ಥ ರವಾನಿಸುವುದು ಎಂದಿತ್ತು. ಭಾಷೆ ಕಲಿಸುವ ನನ್ನಂಥವರಿಗೆ ಇದು ಬೆವರು ತರಿಸುವ ವಿಷಯ. ಆ ಪುಸ್ತಕದ ನೆರವಿನಿಂದ ಜರ್ಮನರು ಅವಳ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳುಹಿಸತೊಡಗಿದರು. ಲಂಡನ್ ನಂಬಿತು. 1944ರ ಫೆಬ್ರವರಿ ಕೊನೆಯಲ್ಲಿ ಹೀಗೆ ಕರೆಸಿಕೊಂಡವರು ಪ್ಯಾರಾಚೂಟಿನಿಂದ ಇಳಿದದ್ದು ಜರ್ಮನರ ನಡುವೆಯೇ. ಅವರಲ್ಲಿ ಮ್ಯಾಡಲೀನ್ ದಾಮರ್ಮೋ ಎಂಬ ಫ್ರೆಂಚ್ ಯುವತಿಯೂ ಇದ್ದಳು. ಅವಳ ಹೆಸರು ಮುಂದೆ ಮತ್ತೆ ಬರುತ್ತದೆ.

ಲಂಡನ್ನಿಗೆ ಎಚ್ಚರಿಕೆ ಬಾರದಿರಲಿಲ್ಲ. 1943ರ ಅಕ್ಟೋಬರ್‌ನಲ್ಲೇ ಸ್ವಿಟ್ಸರ್ಲೆಂಡ್ ಮಾರ್ಗವಾಗಿ ಸೋನಿಯಾ ಎಂಬ ಹೆಸರಿನಿಂದ ಒಂದು ಸಂದೇಶ ಹೋಗಿತ್ತು. ಮ್ಯಾಡಲೀನಳಿಗೆ ಅಪಘಾತವಾಗಿದೆ, ಆಸ್ಪತ್ರೆಯಲ್ಲಿದ್ದಾಳೆ ಎಂದು. ಸಂಕೇತದಲ್ಲಿ ಆಸ್ಪತ್ರೆಯೆಂದರೆ ಸೆರೆಮನೆ. ಈ ಸೋನಿಯಾ ಯಾರೆಂದು ಲಂಡನ್ನಿನವರಿಗೆ ಗೊತ್ತಿರಲಿಲ್ಲ, ಆದ್ದರಿಂದ ಅದನ್ನು ಕಡೆಗಣಿಸಿದರು. ಆಕೆ ಸೋನಿಯಾ ಓಲ್ಶಾನೆಸ್ಕಿ. ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಹುಡುಗಿ, ನೃತ್ಯ ಕಲಿತವಳು, ಆಗ ಇನ್ನೂ 19 ವರ್ಷ. 1942ರಲ್ಲಿ ಅವಳನ್ನು ಹಿಡಿದು ದ್ರಾನ್ಸಿ ಶಿಬಿರಕ್ಕೆ ಹಾಕಿದ್ದರು. ಅವಳಲ್ಲಿ ಜರ್ಮನರಿಗೆ ಬೇಕಾದ ಕೈಕಸುಬು ಇದೆಯೆಂಬ ಸುಳ್ಳು ಕಾಗದಗಳನ್ನು ಮಾಡಿಸಿ, ಹಣ ಕೊಟ್ಟು ತಾಯಿ ಬಿಡಿಸಿ ತಂದರು. ಆಶ್ವಿಟ್ಸ್ ರೈಲಿನಿಂದ ಹಾಗೆ ತಪ್ಪಿಸಿಕೊಂಡವಳು ಎಲ್ಲಾದರೂ ಅಡಗಿ ಕುಳಿತಿರಬಹುದಿತ್ತು. ಆಕೆ ಹೊರಬಂದು ಪ್ರಾಸ್ಪರ್ ಜಾಲದ ಒಂದು ಶಾಖೆಯಲ್ಲಿ ಸಂದೇಶ ಒಯ್ಯುವ ಕೆಲಸಕ್ಕೆ ಸೇರಿದಳು. ಮುಖ್ಯಸ್ಥರು ಸಿಕ್ಕಿಬಿದ್ದ ಮೇಲೂ ಮುಂದುವರಿಸಿದಳು. 1944ರ ಜನವರಿಯಲ್ಲಿ ಅವಳೂ ಸಿಕ್ಕಿಬಿದ್ದಳು.

ಇತ್ತ ನೂರ್ 1943ರ ನವೆಂಬರ್ 25ರ ರಾತ್ರಿ ಜಾನ್ ಸ್ಟಾರ್, ಲಿಯೋನ್ ಫಾಯ್ ಎಂಬಿಬ್ಬರು ಕೈದಿಗಳೊಂದಿಗೆ ಮತ್ತೆ ಪಾರಾಗಲು ಹೊರಟಳು. ಒಂದು ಸ್ಕ್ರೂ ಡ್ರೈವರನ್ನು ಕೈಯಿಂದ ಕೈಗೆ ದಾಟಿಸಿ, ಮಾಡಿನ ಕಿಟಕಿಯ ಸರಳುಗಳನ್ನು ದಿನಗಟ್ಟಲೆ ಸಡಿಲಿಸಿದ್ದರು. ಮಾಡಿನ ಮೇಲೆ ಬಂದದ್ದೂ ಆಯಿತು. ಅಷ್ಟರಲ್ಲಿ ಬ್ರಿಟಿಷ್ ವಿಮಾನಗಳು ಬಂದು ಸೈರನ್ ಕೂಗಿತು. ಸೈರನ್ ಕೂಗಿದಾಗ ಕೋಣೆಗಳನ್ನು ಪರೀಕ್ಷಿಸುವುದು ನಿಯಮ. ತಪ್ಪಿಸಿಕೊಂಡದ್ದು ಗೊತ್ತಾಗಿ ಬೀದಿ ಸುತ್ತುವರಿದರು. ತಮ್ಮವರ ವಿಮಾನವೇ ಅವರನ್ನು ಹಿಡಿದುಕೊಟ್ಟಂತಾಯಿತು.

ಇನ್ನು ಮುಂದೆ ಓಡಿಹೋಗುವುದಿಲ್ಲವೆಂದು ಮಾತು ಬರೆದು ಸಹಿ ಹಾಕಬೇಕೆಂದು ಕೀಫರ್ ಆಜ್ಞಾಪಿಸಿದ. ಸ್ಟಾರ್ ಸಹಿ ಹಾಕಿ ಪ್ಯಾರಿಸ್‌ನಲ್ಲೇ ಉಳಿದ. ನೂರ್ ಒಪ್ಪಲಿಲ್ಲ. ನಾನು ಈ ಘಟನೆಯ ಮುಂದೆ ಬಹಳ ಹೊತ್ತು ನಿಂತಿದ್ದೇನೆ. ಆರು ವಾರ ಅದೇ ಜನರಿಗೆ ಕಟ್ಟುಕಥೆ ಹೇಳಿದವಳಿಗೆ ಇನ್ನೊಂದು ಸುಳ್ಳು ಸಹಿ ಏನು ಮಹಾ? ಸಹಿ ಮಾಡಿ, ಮತ್ತೆ ಸಂದರ್ಭ ನೋಡಿ ಓಡಬಹುದಿತ್ತು. ಇತರರ ಪ್ರಾಣ ಉಳಿಸಲು ಶತ್ರುವಿಗೆ ಹೇಳುವ ಸುಳ್ಳು ಬೇರೆ, ತನ್ನ ಸುಖಕ್ಕಾಗಿ ಕೊಡುವ ಸುಳ್ಳು ಮಾತು ಬೇರೆ ಎಂದು ಅವಳ ಮನಸ್ಸಿನಲ್ಲಿ ಗೆರೆ ಇದ್ದಿರಬೇಕು. ಇದು ನನ್ನ ಊಹೆ ಮಾತ್ರ.

ಎರಡೇ ದಿನದಲ್ಲಿ ಅವಳನ್ನು ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿಗೆ ಸಾಗಿಸಿದರು. ಯಾರಿಗೂ ಸುಳಿವು ಸಿಗದಂತೆ ಮಾಯವಾಗಬೇಕಾದ ಕೈದಿಗಳ ಪಟ್ಟಿಗೆ ಹೆಸರು ಸೇರಿತು. ಕೈಕಾಲುಗಳಿಗೆ ಸಂಕಲೆ, ಒಂಟಿ ಕೋಣೆ, ಹತ್ತು ತಿಂಗಳು. ವಯಸ್ಸಾದ ಜೈಲರ್ ಕನಿಕರದಿಂದ ಒಮ್ಮೆ ಸಂಕಲೆ ಬಿಚ್ಚಿಸಿದಾಗ ಮೇಲಿನವರು ಗದರಿಸಿ ಮತ್ತೆ ಹಾಕಿಸಿದರು. ಬೇರೆ ಕೋಣೆಯ ಫ್ರೆಂಚ್ ಕೈದಿ ಹೆಂಗಸರು ಊಟದ ತಟ್ಟೆಯ ಅಡಿಯಲ್ಲಿ ಗೀಚಿ ಅವಳೊಂದಿಗೆ ಮಾತನಾಡುತ್ತಿದ್ದರು. ಅವಳು ತಾಯಿಯ ಮನೆತನದ ಹೆಸರು ಸೇರಿಸಿ ನೋರಾ ಬೇಕರ್ ಎಂದು ಬರೆದಳು, ಲಂಡನ್ನಿನ ವಿಳಾಸವನ್ನೂ ಕೊಟ್ಟಳು. ಜುಲೈ 4ರಂದು ತಾಯಿಯ ಅಮೆರಿಕದ ಹಬ್ಬಕ್ಕೂ ಜುಲೈ 14ರಂದು ಫ್ರಾನ್ಸಿನ ಹಬ್ಬಕ್ಕೂ ತಟ್ಟೆಯ ಮೇಲೆ ಶುಭಾಶಯ ಬಂದಿತ್ತೆಂದು ಆ ಹೆಂಗಸರಲ್ಲಿ ಬದುಕುಳಿದ ಯೊಲಾಂದ್ ಲಗ್ರಾವ್ ನೆನಪಿಸಿಕೊಂಡಿದ್ದಾರೆ.

1944ರ ಸೆಪ್ಟೆಂಬರ್ 11ರಂದು ಅಲ್ಲಿಂದ ಹೊರಡಿಸಿದರು. ದಾರಿಯಲ್ಲಿ ಇನ್ನೂ ಮೂವರನ್ನು ಸೇರಿಸಿದರು: ಯೊಲಾಂದ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ಮತ್ತು ನೂರಳ ಹೆಸರಿನ ಸುಳ್ಳು ಸಂದೇಶದಿಂದ ಜರ್ಮನರ ಬಲೆಗೆ ಇಳಿದಿದ್ದ ಮ್ಯಾಡಲೀನ್ ದಾಮರ್ಮೋ. ರಾತ್ರಿ ಡಾಖೌ ಯಾತನಾ ಶಿಬಿರ ತಲುಪಿದರು. 13ರ ಬೆಳಿಗ್ಗೆ ನಾಲ್ವರನ್ನೂ ಹಿಂದಿನಿಂದ ಗುಂಡಿಟ್ಟು ಕೊಂದು, ದೇಹಗಳನ್ನು ಸುಟ್ಟರು. ನೂರಳಿಗೆ 30 ವರ್ಷ. ತಂದೆ ವೀಣೆ ಹಿಡಿದು ಮುಂಬಯಿ ಬಿಟ್ಟು ಅಂದಿಗೆ ಸರಿಯಾಗಿ 34 ವರ್ಷವಾಗಿತ್ತು.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಯುದ್ಧ ಮುಗಿದ ಮೇಲೆ ದಳದ ಅಧಿಕಾರಿ ವೆರಾ ಅಟ್ಕಿನ್ಸ್ ತಾವು ಕಳುಹಿಸಿದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಜರ್ಮನಿಗೆ ಹೋದರು. 1944ರ ಜುಲೈ 6ರಂದು ನಾಟ್ಸ್‌ವೈಲರ್ ಶಿಬಿರದಲ್ಲಿ ನಾಲ್ವರು ಮಹಿಳೆಯರನ್ನು ವಿಷದ ಚುಚ್ಚುಮದ್ದು ಕೊಟ್ಟು ಕೊಂದಿದ್ದರು. ಮೂವರು ಯಾರೆಂದು ತಿಳಿಯಿತು: ಆಂದ್ರೇ ಬೊರೆಲ್, ವೆರಾ ಲೀ, ಮತ್ತು ನೂರಳೊಂದಿಗೆ ಅದೇ ರಾತ್ರಿ ಹುಲ್ಲುಗಾವಲಿನಲ್ಲಿ ಇಳಿದಿದ್ದ ಡಯಾನಾ ರೌಡನ್. ನಾಲ್ಕನೆಯವಳು ಸಣ್ಣ ದೇಹದ, ಕಪ್ಪು ಕೂದಲಿನ ಯುವತಿ ಎಂದು ಸಾಕ್ಷಿಗಳು ವರ್ಣಿಸಿದಾಗ, ಅದು ನೂರ್ ಎಂದೇ ತೀರ್ಮಾನವಾಯಿತು. ಖಾನ್ ಕುಟುಂಬಕ್ಕೂ ಹಾಗೆಯೇ ತಿಳಿಸಲಾಯಿತು. ಫೋರ್ಟ್ಸ್‌ಹೈಮ್ ಜೈಲಿನ ವಿಷಯವನ್ನು ಲಗ್ರಾವ್ ಬರೆದು ತಿಳಿಸಿದ ಮೇಲೆ, 1947ರಲ್ಲಿ ಡಾಖೌ ವಿಷಯ ಹೊರಬಂತು. ಹಾಗಾದರೆ ನಾಟ್ಸ್‌ವೈಲರ್‌ನ ನಾಲ್ಕನೆಯವಳು ಯಾರು? ಕೆಲವು ವರ್ಷ ಯಾರೂ ಕೇಳಲಿಲ್ಲ. 1950ರ ದಶಕದಲ್ಲಿ ಎಲಿಜಬೆತ್ ನಿಕೋಲಸ್ ಎಂಬ ಲೇಖಕಿ ಜಾಡು ಹಿಡಿದು ಹೋಗಿ ಕಂಡುಕೊಂಡರು. ಆಕೆ ಸೋನಿಯಾ ಓಲ್ಶಾನೆಸ್ಕಿ. ನೂರ್ ಸಿಕ್ಕಿಬಿದ್ದಳೆಂದು ಲಂಡನ್ನಿಗೆ ತಿಳಿಸಲು ಯತ್ನಿಸಿದ್ದ ಅದೇ ಯಹೂದಿ ಹುಡುಗಿ. ಬದುಕಿದ್ದಾಗ ಲಂಡನ್ ಅವಳ ಮಾತು ನಂಬಲಿಲ್ಲ, ಸತ್ತ ಮೇಲೆ ಅವಳ ಸಾವನ್ನು ಬೇರೊಬ್ಬಳ ಹೆಸರಿಗೆ ಬರೆಯಿತು. ಸೋನಿಯಾಳನ್ನು ಫ್ರಾನ್ಸಿನಲ್ಲೇ ಸೇರಿಸಿಕೊಂಡದ್ದರಿಂದ ಅವಳ ಹೆಸರು ಲಂಡನ್ನಿನ ಪಟ್ಟಿಯಲ್ಲಿ ಇರಲೇ ಇಲ್ಲ.

ನೂರಳಿಗೆ 1946ರಲ್ಲಿ ಫ್ರಾನ್ಸ್ ಕ್ರುವಾ ದ ಗೇರ್ ಪದಕ ನೀಡಿತು. 1949ರ ಏಪ್ರಿಲ್‌ನಲ್ಲಿ ಬ್ರಿಟನ್ ಜಾರ್ಜ್ ಕ್ರಾಸ್ ನೀಡಿತು. ಆ ದಳದ ಮಹಿಳೆಯರಲ್ಲಿ ಇದನ್ನು ಪಡೆದವರು ಮೂವರು ಮಾತ್ರ. ಶ್ರಾವಣಿ ಬಸು ಅವರು 2006ರಲ್ಲಿ ಬರೆದ ಜೀವನಚರಿತ್ರೆಯ ಬಳಿಕ ನಮ್ಮ ದೇಶದಲ್ಲಿಯೂ ಹೆಸರು ಪರಿಚಿತವಾಯಿತು. 2012ರ ನವೆಂಬರ್ 8ರಂದು ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಆಕೆಯ ಪ್ರತಿಮೆ ಅನಾವರಣಗೊಂಡಿತು. ಶ್ರೀರಂಗಪಟ್ಟಣವನ್ನು ಗೆದ್ದ ಸಾಮ್ರಾಜ್ಯದ ರಾಜಧಾನಿಯಲ್ಲಿ, ಆ ಸುಲ್ತಾನರ ಐದನೆಯ ತಲೆಮಾರಿನ ಮಗಳಿಗೆ ರಾಜಕುಮಾರಿ ಆ್ಯನ್ ಪರದೆ ಸರಿಸಿದರು. ಸುರೆನ್‌ನಲ್ಲಿ ಜುಲೈ 14ರ ರಾಷ್ಟ್ರೀಯ ಹಬ್ಬದಂದು ಬ್ಯಾಂಡ್ ತಂಡ ಫಝಲ್ ಮಂಝಿಲ್‌ನ ಮುಂದೆ ನಿಂತು ಆಕೆಯ ಗೌರವಾರ್ಥ ನುಡಿಸುವ ಪದ್ಧತಿ ಬೆಳೆದು ಬಂದಿದೆ.

ಈ ವರ್ಷ ಒಂಬತ್ತನೆಯ ತರಗತಿಗೆ ಬಂದಿರುವ ಆ ಹುಡುಗಿಗೆ ಇದೆಲ್ಲವನ್ನೂ ಹೇಳಿದೆ. ಗಮನವಿಟ್ಟು ಕೇಳಿದಳು. ಆಮೇಲೆ ಸೋನಿಯಾಳ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುವುದು ಎಂದು ಕೇಳಿದಳು. ಬೋರ್ಡಿನ ಮೇಲೆ ಬರೆದುಕೊಟ್ಟೆ.